ಈ ನಾಣ್ಯವನ್ನು ತೊಳೆದಿದ್ದಾರೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಉಜ್ಜಿಯೋ ಹುಳಿಗೆ ಹಾಕಿಯೋ ಬೆಳಗಿದ ನಾಣ್ಯಕ್ಕೆ ಸಂಗ್ರಾಹಕರಲ್ಲಿ ಬೆಲೆ ಇಳಿಯುತ್ತದೆ. ಇಲ್ಲಿ "ತೊಳೆದದ್ದು" ಎನ್ನುವುದು ಅಂಥದ್ದನ್ನೇ. ಅದನ್ನು ಗುರುತಿಸುವುದು ಹೇಗೆ ಎಂದು ನೋಡೋಣ. ಇಲ್ಲಿನ ಉದಾಹರಣೆಗಳು ಹೆಚ್ಚಾಗಿ ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿಗಳವು ಮತ್ತು ಮೈಸೂರಿನ ತಾಮ್ರದ ಕಾಸುಗಳವು. ನಮ್ಮ ಕಡೆಯ ಮನೆಗಳ ಹಳೆ ಪೆಟ್ಟಿಗೆಗಳಲ್ಲಿ ಸಿಗುವುದು ಇವೇ. ಹುಣಸೆಹಣ್ಣಿನ ರುಚಿ ಕಂಡಿರುವುದೂ ಇವೇ.

ನೀರಿನಲ್ಲಿ ತೊಳೆದರೂ "ಕ್ಲೀನ್ ಮಾಡಿದ ನಾಣ್ಯ" ಅನ್ನುತ್ತಾರೆಯೇ?

ಇಲ್ಲ. ಮೇಲೆ ಕೂತ ಮಣ್ಣು, ಎಣ್ಣೆ ಹೋಗಿ ಲೋಹದ ಮೈ ಹಾಗೇ ಉಳಿದಿದ್ದರೆ ಅದು ದೋಷವಲ್ಲ. ಯಾರೂ ಕಂಡುಹಿಡಿಯಲೂ ಆಗುವುದಿಲ್ಲ. ದೋಷ ಎನಿಸುವುದು ಲೋಹವೇ ಹೋದಾಗ. ಉಜ್ಜಿದ್ದರಿಂದ ಹೋಗಿರಬಹುದು, ಹುಳಿಯಲ್ಲಿ ಕರಗಿ ಹೋಗಿರಬಹುದು.

ಬೆಳ್ಳಿಯ ಮೇಲಿನ ಕಪ್ಪನ್ನು ಬಹಳ ಜನ ಕೊಳೆ ಎಂದುಕೊಳ್ಳುತ್ತಾರೆ. ಅದು ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ನಾಣ್ಯದ ಬೆಳ್ಳಿಯ ಜೊತೆ ಸೇರಿ ಆದ ಸಲ್ಫೈಡ್ ಪದರ ಅದು. ಆ ಕಪ್ಪಿನೊಳಗೆ ಇರುವುದು ನಾಣ್ಯದ್ದೇ ಬೆಳ್ಳಿ. ಕಪ್ಪನ್ನು ತಿಕ್ಕಿ ತೆಗೆದರೆ ಅಷ್ಟು ಬೆಳ್ಳಿಯೂ ಅದರ ಜೊತೆ ಹೋಗುತ್ತದೆ.

ನೋಡಲು ಏನೇನು ಬೇಕು?

ಒಂದೇ ಬಲ್ಬಿನ ಮೇಜಿನ ದೀಪ, 5ರಿಂದ 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಕೆಳಗೆ ಹಾಸಲು ಮೆತ್ತನೆಯ ಬಟ್ಟೆ. ಇಷ್ಟು ಸಾಕು. ಟ್ಯೂಬ್‌ಲೈಟ್ ಬೇಡ. ಅದರ ಬೆಳಕು ಎಲ್ಲ ಕಡೆಯಿಂದ ಬೀಳುವುದರಿಂದ ಗೀರುಗಳು ಅದರಲ್ಲಿ ಅಡಗಿಬಿಡುತ್ತವೆ. ನಾಣ್ಯದ ಅಂಗಡಿಯಲ್ಲಿ ಸುತ್ತ ನಾಲ್ಕು ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಮೊಬೈಲಿನ ಟಾರ್ಚ್ ಹಾಕಿಯೇ ನೋಡಿ.

ಸರಿ, ಹೇಗೆ ನೋಡುವುದು?

1918ರ ಒಂದು ಐದನೇ ಜಾರ್ಜ್ ರೂಪಾಯಿಯನ್ನು ತೆಗೆದುಕೊಳ್ಳೋಣ. ತೂಕ 11.66 ಗ್ರಾಂ, ಬೆಳ್ಳಿ ಶೇ. 91.7. ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಅಂಚನ್ನಷ್ಟೇ ಹಿಡಿಯಿರಿ. ದೀಪ ನಾಣ್ಯದಿಂದ ಒಂದಡಿ ದೂರದಲ್ಲಿ, ನಿಮ್ಮ ಎದುರಿಗೆ ಸ್ವಲ್ಪ ಮೇಲೆ ಇರಲಿ. ನಾಣ್ಯವನ್ನು ಓರೆ ಮಾಡಿ, ಬೆಳಕು ಅದರ ಮೇಲೆ ಬಿದ್ದು ಕಣ್ಣಿಗೆ ಬರುವ ಕೋನ ಸಿಗುವವರೆಗೆ ಅಲ್ಲಾಡಿಸಿ. ಸಿಕ್ಕ ಮೇಲೆ ಆ ಕೋನ ಬಿಡದೆ ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ. ಮೊದಲ ಸುತ್ತು ಬರಿಗಣ್ಣಿನಲ್ಲೇ ಆಗಲಿ. ಲೂಪ್ ಆಮೇಲೆ.

ಟಂಕಸಾಲೆಯಲ್ಲಿ ಅಚ್ಚು ಒತ್ತಿದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವಿನ ಅತಿ ಸಣ್ಣ ಗೆರೆಗಳು ನಾಣ್ಯದ ಮೈಮೇಲೆ ಉಳಿಯುತ್ತವೆ. ಅವು ಹಾಗೇ ಇದ್ದರೆ ನಾಣ್ಯ ತಿರುಗಿಸಿದಾಗ ಬಂಡಿಚಕ್ರದ ಅರಕಾಲುಗಳಂತೆ ಬೆಳಕಿನ ಪಟ್ಟೆಗಳು ನಾಣ್ಯದ ಸುತ್ತ ಓಡುತ್ತವೆ. ಸಂಗ್ರಾಹಕರು ಲಸ್ಟರ್ ಎನ್ನುವುದು ಇದನ್ನೇ. ಉಜ್ಜಿದ ನಾಣ್ಯ ಹೊಳೆಯುತ್ತದೆ, ಆದರೆ ಆ ಹೊಳಪು ಓಡುವುದಿಲ್ಲ. ಸ್ಟೀಲ್ ತಟ್ಟೆಯ ಹಾಗೆ ಇಡೀ ಮೈ ಒಂದೇ ಸಲ ಮಿನುಗಿ ಒಂದೇ ಸಲ ಆರುತ್ತದೆ.

ಈಗ ಲೂಪ್ ಹಿಡಿದು ರಾಜನ ಮೂಗಿನ ಮುಂದಿರುವ ಖಾಲಿ ಜಾಗವನ್ನು ನೋಡಿ. ಚಿತ್ರವಿಲ್ಲದ ಬಯಲಾದ್ದರಿಂದ ಗೀರು ಮೊದಲು ಕಾಣುವುದು ಅಲ್ಲೇ. ಬಟ್ಟೆ ಅಥವಾ ಬೆರಳಿನಿಂದ ಉಜ್ಜಿದ್ದರೆ ಕೂದಲಿಗಿಂತ ಸಣ್ಣ ಗೀರುಗಳು ಗುಂಪು ಗುಂಪಾಗಿ, ಒಂದೇ ದಿಕ್ಕಿನಲ್ಲಿ ಅಥವಾ ಬಾಗಿದ ಕಮಾನಿನಂತೆ ಕಾಣುತ್ತವೆ. ಒಂದು ಕೋನದಲ್ಲಿ ಮಾಯವಾಗಿ, ನಾಣ್ಯವನ್ನು ಕಾಲು ಸುತ್ತು ತಿರುಗಿಸಿದಾಗ ಮತ್ತೆ ಮೂಡುತ್ತವೆ. ಆಮೇಲೆ ಅಕ್ಷರಗಳ ಬುಡಕ್ಕೆ ಬನ್ನಿ. ಬೆರಳಾಗಲಿ ಬಟ್ಟೆಯಾಗಲಿ ಅಕ್ಷರದ ಗೋಡೆಗೆ ಅಂಟಿದ ಕಾಲು ಮಿಲಿಮೀಟರ್ ಜಾಗವನ್ನು ಮುಟ್ಟುವುದಿಲ್ಲ. ಹಾಗಾಗಿ ಬಯಲು ಬೆಳ್ಳಗೆ, ಪ್ರತಿ ಅಕ್ಷರದ ಸುತ್ತ ಕಾಡಿಗೆ ಹಚ್ಚಿದ ಹಾಗೆ ಕಪ್ಪು ಗೆರೆ. ಹಿಂಬದಿಯ ಹೂಬಳ್ಳಿಯ ಸಂದುಗಳಲ್ಲಿ ಇದು ಇನ್ನೂ ಸ್ಪಷ್ಟ.

ಕೊನೆಯದಾಗಿ ಸವಕಳಿಗೂ ಬಣ್ಣಕ್ಕೂ ತಾಳೆ ಹಾಕಿ. ಕಿರೀಟದ ಹರಳುಗಳು, ಕಿವಿ, ಗಡ್ಡ, ನಿಲುವಂಗಿಯ ಮೇಲಿನ ಆನೆ ಸವೆದು ನುಣ್ಣಗಾಗಿದ್ದರೆ ಆ ರೂಪಾಯಿ ವರ್ಷಗಟ್ಟಲೆ ಕೈಯಿಂದ ಕೈಗೆ ಓಡಾಡಿದೆ ಎಂದರ್ಥ. ಅಂಥ ನಾಣ್ಯದ ಬಣ್ಣ ಮಂಕು ಬೂದು ಇರಬೇಕು. ಸವೆದ ಮುಖ ಮದುವಣಗಿತ್ತಿಯ ಕಾಲುಂಗುರದಂತೆ ಥಳಥಳ ಎನ್ನುತ್ತಿದ್ದರೆ ಬೇರೆ ಪುರಾವೆ ಬೇಕಿಲ್ಲ.

ಬೆಳ್ಳಗಿರುವ ಹಳೆಯ ರೂಪಾಯಿ ಎಲ್ಲವೂ ತೊಳೆದದ್ದೇ ಹಾಗಾದರೆ?

ಅಲ್ಲ. ಚೀಲದಲ್ಲಿ ಕಟ್ಟಿಟ್ಟು ಚಲಾವಣೆಗೇ ಬಾರದ ರೂಪಾಯಿಗಳೂ ಇವೆ. ಬೆಳಕಿನ ಪಟ್ಟೆ ಓಡುತ್ತಿದ್ದು, ಎತ್ತರದ ಭಾಗಗಳಲ್ಲಿ ಸವಕಳಿ ಇಲ್ಲದಿದ್ದರೆ ಬಿಳುಪು ಸಹಜವೇ ಇರಬಹುದು.

ಗೀರು ಕಂಡರೆ ಸಾಕು, ಉಜ್ಜಿದ್ದು ಎನ್ನಬಹುದೇ?

ಅವಸರ ಬೇಡ. ಹೊಸಬರು ಹೆಚ್ಚು ತಪ್ಪುವುದು ಇಲ್ಲಿಯೇ. ಟಂಕಸಾಲೆಯವರು ಅಚ್ಚನ್ನೇ ಉಜ್ಜಿ ಹೊಳಪು ಕೊಟ್ಟಿದ್ದರೆ, ಅಚ್ಚಿನ ಗೀರು ನಾಣ್ಯದ ಮೇಲೆ ಉಬ್ಬಿದ ಗೆರೆಯಾಗಿ ಮೂಡುತ್ತದೆ. ಅಂಥ ಗೆರೆ ಬಯಲಿನಲ್ಲಿ ಓಡಿ ಅಕ್ಷರದ ಬುಡಕ್ಕೆ ಬಂದಾಗ ನಿಂತುಬಿಡುತ್ತದೆ, ಅಕ್ಷರದ ಮೇಲೆ ಹತ್ತುವುದಿಲ್ಲ. ಉಜ್ಜಿದ ಗೀರು ತಗ್ಗಾಗಿರುತ್ತದೆ, ಅಕ್ಷರದ ತಲೆಯ ಮೇಲೂ ಹಾಯುತ್ತದೆ. ಉಬ್ಬೋ ತಗ್ಗೋ ತಿಳಿಯದಿದ್ದರೆ ದೀಪವನ್ನು ಎಡಕ್ಕಿಟ್ಟು ಒಮ್ಮೆ, ಬಲಕ್ಕಿಟ್ಟು ಒಮ್ಮೆ ನೋಡಿ. ಅಕ್ಷರಗಳ ನೆರಳು ಯಾವ ಬದಿಗೆ ಬೀಳುತ್ತದೋ ಗೆರೆಯ ನೆರಳೂ ಅದೇ ಬದಿಗೆ ಬಿದ್ದರೆ ಅದು ಉಬ್ಬು ಗೆರೆ.

ಚೀಲದಲ್ಲಿ ನಾಣ್ಯಗಳು ಒಂದಕ್ಕೊಂದು ತಾಗಿ ಆದ ಕಚ್ಚುಗಳು ಗಿಡ್ಡ, ಆಳ, ದಿಕ್ಕುಗೆಟ್ಟವು. ಸರಾಫರು ಬೆಳ್ಳಿ ಪರೀಕ್ಷಿಸಲು ಹಾಕಿದ ಸಣ್ಣ ಮುದ್ರೆಗಳು ಬೇರೆಯೇ ಜಾತಿ. ಆಲ್ಬಮ್ಮಿನ ಪ್ಲಾಸ್ಟಿಕ್ ಪಟ್ಟಿಯನ್ನು ಎಳೆದು ತಳ್ಳಿ ಆದ ಗೀರು ಕೆನ್ನೆಯಂಥ ಎತ್ತರದ ಜಾಗದಲ್ಲಿ ಮಾತ್ರ, ಸಮಾನಾಂತರವಾಗಿ ಇರುತ್ತದೆ. ಇದೂ ಬೆಲೆ ಇಳಿಸುತ್ತದೆ, ಆದರೆ ತೊಳೆದ ಗುರುತಲ್ಲ.

ಪೂಜೆಯ ರೂಪಾಯಿಗಳು ನಮ್ಮಲ್ಲಿವೆ. ಹುಣಸೆಹಣ್ಣು, ವಿಭೂತಿ, ಹಲ್ಲುಪುಡಿ ಹಾಕಿ ಬೆಳಗುತ್ತಿದ್ದರು. ಯಾವುದು ಎಂಥ ಗುರುತು ಬಿಡುತ್ತದೆ?

ವರಮಹಾಲಕ್ಷ್ಮಿ ವ್ರತಕ್ಕೋ ದೀಪಾವಳಿಗೋ ವರ್ಷಕ್ಕೊಮ್ಮೆ ಎಂದರೂ 60 ವರ್ಷದಲ್ಲಿ 60 ಸಲ. ಹಾಗೆ ಬೆಳಗಿದ ರೂಪಾಯಿಯ ಮೈ ನದಿಯ ಕಲ್ಲಿನ ಹಾಗೆ ನುಣುಪಾಗಿರುತ್ತದೆ. ಅಕ್ಷರಗಳ ಅಂಚು ದುಂಡಗಾಗಿರುತ್ತದೆ, ಬಿಡಿ ಗೀರು ಹುಡುಕಿದರೂ ಸಿಗುವುದಿಲ್ಲ. ಸಾವಿರಾರು ಗೀರುಗಳು ಒಂದರ ಮೇಲೊಂದು ಬಿದ್ದು ಇಡೀ ಮೈಯೇ ಗೀರಾಗಿದೆ.

ವಿಭೂತಿ ಸಣ್ಣ ಬೂದಿ, ಹಲ್ಲುಪುಡಿಯಲ್ಲಿರುವುದು ಹೆಚ್ಚಾಗಿ ಸೀಮೆಸುಣ್ಣದ ಜಾತಿಯ ಪುಡಿ. ಎರಡೂ ತಿಕ್ಕಿ ತೆಗೆಯುವ ವಸ್ತುಗಳೇ. ಇವುಗಳ ಗುರುತು ಗೀರಿಗಿಂತ ಸಂದಿನಲ್ಲಿ ಸುಲಭವಾಗಿ ಸಿಗುತ್ತದೆ. ಪಾರ್ಸಿ ಅಕ್ಷರಗಳ ತಿರುವುಗಳಲ್ಲಿ, ಹೂಬಳ್ಳಿಯ ಎಲೆಗಳ ನಡುವೆ ಬಿಳಿಯ ಪುಡಿ ಗಟ್ಟಿಯಾಗಿ ಕೂತಿರುತ್ತದೆ. ಹಿತ್ತಾಳೆಗೆಂದು ಮಾರುವ ದ್ರವದ ಪಾಲಿಷ್ ಹಾಕಿದ್ದರೂ ಹೀಗೇ ಬಿಳಿ ಉಳಿಕೆ ಇರುತ್ತದೆ. ಇತ್ತೀಚೆಗೆ ಹಾಕಿದ್ದರೆ ಮೂಗಿನ ಹತ್ತಿರ ತಂದಾಗ ಅಮೋನಿಯದ ಘಾಟು ಬರುವುದೂ ಉಂಟು.

ಹುಣಸೆಹಣ್ಣು, ನಿಂಬೆಹಣ್ಣು ಕೆಲಸ ಮಾಡುವುದು ಹುಳಿಯಿಂದ. 1940ರಿಂದ 1945ರವರೆಗಿನ ಬೆಳ್ಳಿ ರೂಪಾಯಿಗಳಿಗೆ ಇದರಿಂದ ಹೆಚ್ಚು ಹಾನಿ, ಏಕೆಂದರೆ ಅವುಗಳಲ್ಲಿ ಬೆಳ್ಳಿ ಶೇ. 50 ಮಾತ್ರ, ಉಳಿದದ್ದು ಶೇ. 40 ತಾಮ್ರ, ಶೇ. 5 ನಿಕ್ಕಲ್, ಶೇ. 5 ಸತು. ಹುಳಿ ಮೈಮೇಲಿನ ತಾಮ್ರ ಮತ್ತು ಸತುವನ್ನು ಮೊದಲು ಎಳೆದುಕೊಳ್ಳುತ್ತದೆ. ಉಳಿಯುವುದು ಸುಣ್ಣ ಬಳಿದಂಥ ಸತ್ತ ಬಿಳುಪು.

ಅಕ್ಕಸಾಲಿಗರ ಹತ್ತಿರ ಕೊಟ್ಟು ಬೆಳಗಿಸಿದ್ದರೆ ಅಂಟುವಾಳದ ನೊರೆ ಮತ್ತು ಹಿತ್ತಾಳೆ ತಂತಿಯ ಬ್ರಷ್ ಬಳಸಿರುತ್ತಾರೆ. ಆಭರಣಕ್ಕೆ ಅದು ಸರಿಯಾದ ಪದ್ಧತಿ. ನಾಣ್ಯದ ಮೇಲೆ ಮಾತ್ರ ಚಿಕ್ಕ ಚಿಕ್ಕ ಸಾಲುಗೀರುಗಳು ಅಕ್ಷರಗಳ ಮಧ್ಯದ ತಗ್ಗಿಗೂ ಇಳಿದಿರುತ್ತವೆ, ಬಟ್ಟೆ ಹೋಗದ ಕಡೆಗೂ ಬ್ರಷ್ಷಿನ ಎಳೆ ಹೋಗುತ್ತದಲ್ಲ. ತಿರುಗುವ ಯಂತ್ರದ ತಂತಿ ಬ್ರಷ್ಷಿಗೆ ಕೊಟ್ಟಿದ್ದರೆ ಮೈಮೇಲಿನ ಲೋಹ ಸರಿದು ಹೋಗಿ ಅಕ್ಷರಗಳ ಒಂದು ಬದಿಯಲ್ಲಿ ಸಣ್ಣ ದಿಬ್ಬದಂತೆ ಒಟ್ಟಾಗಿರುತ್ತದೆ. ಲೂಪಿನಲ್ಲಿ ಒಮ್ಮೆ ಕಂಡವರು ಇದನ್ನು ಮರೆಯುವುದಿಲ್ಲ.

ಗೀರೇ ಇಲ್ಲ, ಆದರೂ ನಾಣ್ಯ ಏನೋ ಸರಿಯಿಲ್ಲ ಅನಿಸುತ್ತದೆ.

ಡಿಪ್ ಮಾಡಿರಬಹುದು. ಬೆಳ್ಳಿ ಪಾತ್ರೆಗೆ ಮಾರುವ ಡಿಪ್ ದ್ರವದಲ್ಲಿ ಸಾಮಾನ್ಯವಾಗಿ ಥಯೋಯೂರಿಯಾ ಮತ್ತು ಆಮ್ಲ ಇರುತ್ತವೆ. ಕೆಲವೇ ಸೆಕೆಂಡಿನಲ್ಲಿ ಸಲ್ಫೈಡ್ ಕರಗುತ್ತದೆ. ಒಮ್ಮೆ ಅದ್ದಿ ಚೆನ್ನಾಗಿ ತೊಳೆದಿದ್ದರೆ ಅನುಭವಿಗಳಿಗೂ ಗುರುತು ಸಿಗದೆ ಹೋಗಬಹುದು. ಮತ್ತೆ ಮತ್ತೆ ಅದ್ದಿದರೆ ಹರಿವಿನ ಗೆರೆಗಳ ತಲೆಯೇ ಕರಗಿ, ಬಂಡಿಚಕ್ರ ನಿಂತುಹೋಗುತ್ತದೆ: ಬಿಳುಪಿದೆ, ಜೀವವಿಲ್ಲ. ಸರಿಯಾಗಿ ತೊಳೆಯದೆ ಬಿಟ್ಟಿದ್ದರೆ ತಿಂಗಳುಗಳ ನಂತರ ಸಂದುಗಳಲ್ಲಿ ಹಳದಿ ಮಿಶ್ರಿತ ಕಂದು ಕಲೆಗಳು ಏಳುತ್ತವೆ.

ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡ, ಬಿಸಿನೀರಿನ ಉಪಾಯ "ಬೆಳ್ಳಿಯನ್ನು ಕಳೆಯುವುದಿಲ್ಲ" ಎಂದು ವಿಡಿಯೊಗಳಲ್ಲಿ ಹೇಳುತ್ತಾರೆ. ಸಲ್ಫೈಡ್ ಮತ್ತೆ ಬೆಳ್ಳಿಯಾಗುವುದು ನಿಜ. ಆದರೆ ಹಾಗೆ ಮರಳಿದ ಬೆಳ್ಳಿ ಮೊದಲಿನ ನುಣುಪಿನಲ್ಲಿ ಕೂರುವುದಿಲ್ಲ. ಮಂಜು ಕವಿದಂಥ ಒರಟು ಬಿಳುಪು ಬರುತ್ತದೆ. ಗಂಗಾಳಕ್ಕಾದರೆ ಚಿಂತೆಯಿಲ್ಲ.

ತಾಮ್ರದ ನಾಣ್ಯದಲ್ಲಿ ಹೇಗೆ ಗುರುತಿಸುವುದು?

ತಾಮ್ರ ಬೆಳ್ಳಿಗಿಂತ ಬೇಗ ಗುಟ್ಟು ಬಿಟ್ಟುಕೊಡುತ್ತದೆ. ಟಿಪ್ಪು ಕಾಲದ ಆನೆ ಪೈಸೆಗೆ ಈಗ 225 ವರ್ಷಕ್ಕೂ ಮೇಲಾಗಿದೆ. ಅದು ಕಂದು, ಕಡುಗಂದು, ಕಪ್ಪು ಅಥವಾ ಹಸಿರು ಇರಬೇಕು. ಸುಲಿದ ಈರುಳ್ಳಿಯ ಗುಲಾಬಿ ಬಣ್ಣದಲ್ಲಿದ್ದರೆ ಹುಳಿಯಲ್ಲಿ ಮಿಂದು ಬಂದದ್ದೇ. ಇದಕ್ಕೆ ವಿನಾಯಿತಿ ಇಲ್ಲ.

ಹೊಸ ತಾಮ್ರದ ನಾಣ್ಯ ಟಂಕಸಾಲೆಯಿಂದ ಬರುವಾಗ ಕಿತ್ತಳೆ ಛಾಯೆಯ ಕೆಂಪಿರುತ್ತದೆ. ಆ ಕೆಂಪು ಮೊದಲು ಹೋಗುವುದು ಕೈ ತಾಗುವ ಎತ್ತರದ ಭಾಗಗಳಿಂದ. ಅಕ್ಷರಗಳ ಸಂದಿನಲ್ಲಿ, ಅಂಚಿನ ಒಳಮೂಲೆಯಲ್ಲಿ ಬಹುಕಾಲ ಉಳಿಯುತ್ತದೆ. ಉಜ್ಜಿದ ನಾಣ್ಯದಲ್ಲಿ ಇದೇ ಲೆಕ್ಕ ತಲೆಕೆಳಗು: ಎತ್ತರದಲ್ಲಿ ಕೆಂಪು, ಸಂದಿನಲ್ಲಿ ಕಪ್ಪು. 1835ರ ಈಸ್ಟ್ ಇಂಡಿಯಾ ಕಂಪನಿಯ ಕಾಲಾಣೆಯನ್ನು ಕೈಗೆತ್ತಿಕೊಂಡಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೊಂದೇ. ಕೆಂಪು ಎಲ್ಲಿದೆ?

ಹುಳಿ ತಾಮ್ರದ ಆಕ್ಸೈಡ್ ಪದರವನ್ನು ಕರಗಿಸಿ, ಕೆಳಗಿನ ಮೈಯನ್ನು ಸೂಕ್ಷ್ಮವಾಗಿ ಒರಟು ಮಾಡುತ್ತದೆ. ಅದಕ್ಕೇ ಆ ಗುಲಾಬಿಗೆ ಬೆಳಕಿನ ಓಟವಿಲ್ಲ. ಕೆಲವು ತಿಂಗಳಲ್ಲಿ ಅದು ಮತ್ತೆ ಕಂದಾಗುತ್ತದೆ, ಆದರೆ ಸಮನಾಗಿ ಅಲ್ಲ. ಬೆರಳಚ್ಚು ಬಿದ್ದಲ್ಲಿ ಕಪ್ಪು, ಮಧ್ಯೆ ನೇರಳೆ, ಅಲ್ಲಲ್ಲಿ ಹಳದಿ. ಮುಮ್ಮಡಿ ಕೃಷ್ಣರಾಜ ಒಡೆಯರ "ಮಯಿಲಿ ಕಾಸು"ಗಳಲ್ಲಿ ಹೀಗೆ ತೇಪೆ ಹಾಕಿದ ಬಣ್ಣ ಕಂಡರೆ, ಕನ್ನಡ ಅಕ್ಷರಗಳ ಸಂದನ್ನು ಲೂಪಿನಲ್ಲಿ ನೋಡಿ. ಹಳೆಯ ಕಡುಗಂದು ಅಲ್ಲಿ ಒಂದಿಷ್ಟಾದರೂ ಉಳಿದಿದ್ದು, ಬಯಲು ಬೇರೆ ಬಣ್ಣದಲ್ಲಿದ್ದರೆ ತೊಳೆದು ಬಿಟ್ಟದ್ದು.

ನೆಲದಲ್ಲಿ ಸಿಕ್ಕ ವಿಜಯನಗರದ ಕಾಸುಗಳ ಮಾತು ಬೇರೆ. ಮಣ್ಣು ಬಿಡಿಸದೆ ಅವನ್ನು ಓದಲು ಆಗುವುದೇ ಇಲ್ಲ, ಆದ್ದರಿಂದ ಅಲ್ಲಿ ಶುಚಿ ಮಾಡುವುದು ಒಪ್ಪಿತ ಕ್ರಮ. ಅಲ್ಲಿ ನೋಡಬೇಕಾದ್ದು ಗಟ್ಟಿ ಹಸಿರು ಪದರ ಉಳಿದಿದೆಯೋ, ಆಮ್ಲಕ್ಕೆ ಹಾಕಿ ಸಿಡುಬಿನ ಮುಖ ಮಾಡಿದ್ದಾರೋ ಎಂಬುದನ್ನು. ಗಟ್ಟಿ ಹಸಿರು ಒಳ್ಳೆಯದು. ಉಗುರು ತಾಗಿದರೆ ಉದುರುವ ತಿಳಿಹಸಿರು ಪುಡಿ ರೋಗದ ಲಕ್ಷಣ, ಆ ನಾಣ್ಯವನ್ನು ಬೇರೆಯವುಗಳಿಂದ ದೂರವಿಡಿ.

ಸರದಲ್ಲಿ ಪೋಣಿಸಿದ್ದ ನಾಣ್ಯ ಎಂದು ಹೇಗೆ ತಿಳಿಯುವುದು?

ರೂಪಾಯಿಗೆ ಕೊಂಡಿ ಬೆಸೆದು ಸರ, ಡಾಬು, ಗುಂಡಿ ಮಾಡಿಸುವ ರೂಢಿ ನಮ್ಮಲ್ಲಿ ವ್ಯಾಪಕವಾಗಿತ್ತು. ಕೊಂಡಿ ಬಿಡಿಸಿದವರು ಆ ಜಾಗವನ್ನು ಅರದಿಂದ ತಿಕ್ಕಿ ಸರಿಮಾಡುತ್ತಾರೆ. ನಾಣ್ಯವನ್ನು ನಿಲ್ಲಿಸಿ ಅಂಚಿನ ಸಾಲುಗೆರೆಗಳನ್ನು ಒಂದು ಸುತ್ತು ನೋಡಿ. ಹೆಚ್ಚಾಗಿ ರಾಜನ ತಲೆಯ ನೇರ ಮೇಲೆ, 12 ಗಂಟೆಯ ಜಾಗದಲ್ಲಿ, 3ರಿಂದ 5 ಮಿಲಿಮೀಟರ್ ಗೆರೆಗಳು ಅಳಿಸಿರುತ್ತವೆ ಅಥವಾ ಕೈಯಿಂದ ಕೊರೆದಂತೆ ವಕ್ರವಾಗಿರುತ್ತವೆ. ಬೆಸುಗೆಯ ಹಳದಿ ಚುಕ್ಕೆಯೂ ಸಿಗಬಹುದು. ಗಿಲೀಟು ಮಾಡಿಸಿದ್ದರೆ ಅಕ್ಷರಗಳ ಬುಡದಲ್ಲಿ ಚಿನ್ನದ ಬಣ್ಣ ಉಳಿದಿರುತ್ತದೆ. ಇಂಥ ನಾಣ್ಯ ಬೆಂಕಿಯನ್ನೂ ಆಮ್ಲವನ್ನೂ ಕಂಡಿರುವುದರಿಂದ ತೊಳೆದದ್ದೇ ಎಂದು ಪ್ರತ್ಯೇಕವಾಗಿ ಕೇಳುವ ಅಗತ್ಯವಿಲ್ಲ.

ವರಾಹ, ಹಣ ಎಂಬ ಹಳೆಯ ಚಿನ್ನದ ನಾಣ್ಯಗಳಿಗೂ ಇದೇ ಎಚ್ಚರ ಸಲ್ಲುತ್ತದೆ. ಚಿನ್ನ ಕಪ್ಪಾಗುವುದಿಲ್ಲವಾದ್ದರಿಂದ ಬಣ್ಣ ನೋಡಿ ಹೆಚ್ಚು ತಿಳಿಯದು. ಗೀರು ಮತ್ತು ಕೊಂಡಿಯ ಗುರುತುಗಳೇ ಸಾಕ್ಷಿ.

ತೊಳೆದು, ಮತ್ತೆ ಬಣ್ಣ ಬರಿಸಿ ಮಾರುತ್ತಾರಂತೆ?

ಹೌದು. ಗಂಧಕದ ದ್ರಾವಣ, ಬೇಯಿಸಿದ ಮೊಟ್ಟೆ, ಒಲೆಯ ಶಾಖ ಎಲ್ಲವನ್ನೂ ಬಳಸುತ್ತಾರೆ. ಬೆಳ್ಳಿಯ ಸಹಜ ಬಣ್ಣ ಪದರ ದಪ್ಪವಾದ ಹಾಗೆ ಒಂದು ಕ್ರಮದಲ್ಲಿ ಬದಲಾಗುತ್ತದೆ: ತಿಳಿ ಹೊಂಬಣ್ಣ, ಕೆಂಪು ಮಿಶ್ರಿತ ನೇರಳೆ, ಆಮೇಲೆ ನೀಲಿ. ಪದರ ಸಾಮಾನ್ಯವಾಗಿ ಅಂಚಿನಲ್ಲಿ ದಪ್ಪ, ಆದ್ದರಿಂದ ಅಂಚಿನಿಂದ ಒಳಕ್ಕೆ ಬರುವಾಗ ನೀಲಿ, ನೇರಳೆ, ಹೊಂಬಣ್ಣ ಎಂದು ಮೆಟ್ಟಿಲು ತಪ್ಪದೆ ಮೆಲ್ಲಗೆ ಮಸುಕಾಗಬೇಕು. ಕೃತಕ ಬಣ್ಣ ನಡುವೆ ಮೆಟ್ಟಿಲು ಬಿಟ್ಟು ಹೊಂಬಣ್ಣದ ಪಕ್ಕದಲ್ಲೇ ಕಡುನೀಲಿಗೆ ಹಾರುತ್ತದೆ, ಪೆಟ್ರೋಲು ಚೆಲ್ಲಿದ ನೀರಿನ ಹಾಗೆ ಮೇಲೆ ತೇಲಿದಂತೆ ಕಾಣುತ್ತದೆ. ಗೀರಿನ ಒಳಗೂ ಅದೇ ಗಾಢ ಬಣ್ಣ ಇದ್ದರೆ ಗೀರು ಮೊದಲು, ಬಣ್ಣ ಆಮೇಲೆ. ಇದು ಮೋಸವೇ ಆಗಬೇಕೆಂದಿಲ್ಲ; ಅಜ್ಜಿ ಉಜ್ಜಿಟ್ಟ ನಾಣ್ಯ 50 ವರ್ಷದಲ್ಲಿ ತಾನೇ ಕಪ್ಪಾಗಿರಬಹುದು. ಆದರೂ ಅದು ತೊಳೆದ ನಾಣ್ಯವೇ.

ಸ್ವಾತಂತ್ರ್ಯಾನಂತರದ ನಾಣ್ಯಗಳಲ್ಲಿ?

ಹೆಚ್ಚಿನವು ಚಿಂತೆಗೆ ಅರ್ಹವಲ್ಲ. ಆದರೆ 1968ರಿಂದ ಬಂದ ತಾವರೆಯ 20 ಪೈಸೆ ಹಳದಿ ಲೋಹದ್ದಾದ್ದರಿಂದ ಪಾಲಿಷ್ ಹಾಕಿ ಹೊಳೆಸಿ ಮಾರುವುದು ಬಹಳ. ಅಲ್ಯೂಮಿನಿಯಂ ಪೈಸೆಗಳನ್ನು ಸೋಡ ಹಾಕಿ ತೊಳೆದರೆ ಮೈ ತಿಂದುಹೋಗಿ ಮಂಕಾಗುತ್ತದೆ.

ತೂಕ ಹಾಕಿದರೆ ಗೊತ್ತಾಗುತ್ತದೆಯೇ?

ಇಲ್ಲ. ತೂಕ ಹಾಕುವುದು ನಕಲಿ ಹಿಡಿಯಲು. ತೊಳೆದಾಗ ಹೋಗುವ ಲೋಹ ಸಾಮಾನ್ಯ ತಕ್ಕಡಿಗೆ ಸಿಗುವಷ್ಟಿರುವುದಿಲ್ಲ.

ಫೋಟೊ ನೋಡಿ ಆನ್‌ಲೈನಿನಲ್ಲಿ ಕೊಳ್ಳುವಾಗ?

ಸ್ಥಿರ ಚಿತ್ರ ನಂಬಬೇಡಿ. ಒಂದೇ ದೀಪದ ಕೆಳಗೆ ನಾಣ್ಯವನ್ನು ಓರೆಯಾಗಿ ಹಿಡಿದು ತಿರುಗಿಸುವ 10 ಸೆಕೆಂಡಿನ ವಿಡಿಯೊ ಕೇಳಿ, ಜೊತೆಗೆ ಅಂಚಿನದೊಂದು. ಸ್ಕ್ಯಾನರಿನಲ್ಲಿ ತೆಗೆದ ಚಿತ್ರದಲ್ಲಿ ಗೀರು ಬಹುತೇಕ ಕಾಣುವುದೇ ಇಲ್ಲ. "ಹಾಗೆಲ್ಲ ವಿಡಿಯೊ ಕೊಡುವುದಿಲ್ಲ" ಎಂದರೆ ಅದೂ ಒಂದು ಉತ್ತರವೇ.

ತೊಳೆದ ನಾಣ್ಯಕ್ಕೆ ಬೆಲೆಯೇ ಇಲ್ಲವೇ?

ಸಾಮಾನ್ಯ ಇಸವಿಯ ರೂಪಾಯಿಯಾದರೆ ಬೆಳ್ಳಿಯ ಬೆಲೆಗೆ ಹತ್ತಿರ ಇಳಿಯುತ್ತದೆ. ಪೂರ್ತಿ ತೂಕದ ಶೇ. 91.7ರ ರೂಪಾಯಿಯಲ್ಲಿ ಸುಮಾರು 10.7 ಗ್ರಾಂ ಬೆಳ್ಳಿ ಇರುತ್ತದೆ, ಲೆಕ್ಕ ಅಲ್ಲಿಂದ ಶುರು. ಅಪರೂಪದ ನಾಣ್ಯದ ಮಾತು ಹಾಗಲ್ಲ. 1939ರ ರೂಪಾಯಿ ತೊಳೆದದ್ದಾದರೂ ಕೊಳ್ಳುವವರಿದ್ದಾರೆ. 1911ರದ್ದೂ ಅಷ್ಟೇ, ಅದರಲ್ಲಿ ನಿಲುವಂಗಿಯ ಆನೆ ಹಂದಿಯಂತೆ ಕಾಣುತ್ತದೆ ಎಂದು ಗಲಾಟೆಯಾಗಿ ಮುಂದಿನ ವರ್ಷ ಚಿತ್ರ ಬದಲಿಸಿದರು. ಈ ಎರಡನ್ನೂ ತೊಳೆಯದ ಸ್ಥಿತಿಯಲ್ಲಿ ಸಿಗಲಿ ಎಂದು ಕಾಯುವವರಿಗಿಂತ, ಕಡಿಮೆ ಬೆಲೆಗೆ ತೊಳೆದದ್ದನ್ನು ಕೊಂಡು ಸಂಗ್ರಹ ತುಂಬಿಸುವವರೇ ಜಾಸ್ತಿ. ಬೆಲೆ ತಕ್ಕಂತಿದ್ದರೆ ಅದರಲ್ಲಿ ತಪ್ಪೇನಿಲ್ಲ.

ಗ್ರೇಡಿಂಗಿಗೆ ಕಳುಹಿಸಿದರೆ ಏನು ಬರೆಯುತ್ತಾರೆ?

ಪಿಸಿಜಿಎಸ್, ಎನ್‌ಜಿಸಿ ಎಂಬವು ನಾಣ್ಯದ ಸ್ಥಿತಿ ನೋಡಿ ಅಂಕ ಕೊಡುವ ಅಮೆರಿಕದ ಸಂಸ್ಥೆಗಳು. ಎರಡೂ ತೊಳೆದ ನಾಣ್ಯಕ್ಕೆ ಅಂಕ ಕೊಡುವುದಿಲ್ಲ. "ಡೀಟೇಲ್ಸ್" ಎಂದು ಬರೆದು ಕಾರಣ ನಮೂದಿಸುತ್ತವೆ. ಪಿಸಿಜಿಎಸ್ ಲೆಕ್ಕದಲ್ಲಿ ತೊಳೆದದ್ದಕ್ಕೆ 92, ಅನುಮಾನದ ಬಣ್ಣಕ್ಕೆ 91 ಎಂಬ ಸಂಕೇತಗಳಿವೆ. ಒಂದು ಎಚ್ಚರ: 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. 1918ರ ರೂಪಾಯಿಯೂ ಈಗ ಆ ಲೆಕ್ಕಕ್ಕೆ ಸೇರುತ್ತದೆ.

ಅರಿಸಿನ, ಗೋಂದು, ಜಿಡ್ಡು ಹತ್ತಿದ ನಾಣ್ಯವನ್ನು ಏನೂ ಮಾಡಬಾರದೇ?

ಶುದ್ಧ ಅಸಿಟೋನ್ ಬಳಸಬಹುದು. ಅದು ಲೋಹದ ಜೊತೆ ಸೇರುವುದಿಲ್ಲ. ಗೋಂದು, ಎಣ್ಣೆ, ಪ್ಲಾಸ್ಟಿಕ್ ಹಾಳೆಯಿಂದ ಬಂದ ಹಸಿರು ಅಂಟು, ಅರಿಸಿನದ ಬಣ್ಣ ಇವನ್ನು ಕರಗಿಸುತ್ತದೆ. ಉಗುರು ಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಸುಗಂಧ, ಎಣ್ಣೆ ಬೆರೆತಿರುತ್ತದೆ. ಎರಡು ಗಾಜಿನ ಬಟ್ಟಲುಗಳಲ್ಲಿ ನಾಣ್ಯ ಮುಳುಗುವಷ್ಟು ಹಾಕಿ. ಮೊದಲನೆಯದರಲ್ಲಿ 10 ನಿಮಿಷ, ಎರಡನೆಯದರಲ್ಲಿ 1 ನಿಮಿಷ. ತಿಕ್ಕಬೇಡಿ, ಒರೆಸಬೇಡಿ. ಹತ್ತಿ ಬಟ್ಟೆಯ ಮೇಲೆ ಇಟ್ಟರೆ ತಾನೇ ಆರುತ್ತದೆ. ಕಿಟಕಿ ತೆರೆದಿರಲಿ, ದೀಪ ಒಲೆ ಹತ್ತಿರ ಇರಕೂಡದು, ಬೇಗ ಬೆಂಕಿ ಹತ್ತುವ ವಸ್ತು ಅದು. ಬೆಳ್ಳಿಯ ಕಪ್ಪು, ತಾಮ್ರದ ಕಂದು ಇದರಿಂದ ಹೋಗುವುದಿಲ್ಲ. ಹೋಗಬಾರದು ಕೂಡ.

ತೊಳೆದಾಗಿದೆ. ಈಗ ಸರಿಪಡಿಸಬಹುದೇ?

ಆಗದು. ಕಾಗದದ ಲಕೋಟೆಯಲ್ಲಿಟ್ಟರೆ ವರ್ಷಗಳಲ್ಲಿ ಬಣ್ಣ ಮರಳಬಹುದು, ಗೀರು ಮಾತ್ರ ಕೆಳಗೆ ಹಾಗೇ ಇರುತ್ತದೆ. ಮಾರುವಾಗ ತೊಳೆದದ್ದೆಂದು ಹೇಳಿಯೇ ಮಾರಿ.

ಹಾಗಾದರೆ ಮುಂದಿನ ಲಕ್ಷ್ಮೀಪೂಜೆಗೆ?

ಪೆಟ್ಟಿಗೆಯ ನಾಣ್ಯಗಳನ್ನೆಲ್ಲ ಒಮ್ಮೆ ದೀಪದ ಕೆಳಗೆ ತಿರುಗಿಸಿ ನೋಡಿ. ಈಗಾಗಲೇ ನುಣುಪಾದವನ್ನು ಪೂಜೆಗೆ ಬೇರೆ ಇಡಿ, ಅವನ್ನು ವರ್ಷ ವರ್ಷ ಬೆಳಗಿದರೂ ಇನ್ನು ಕಳೆಯುವಂಥದ್ದು ಹೆಚ್ಚಿಲ್ಲ. ಬೆಳಕು ಇನ್ನೂ ಓಡುವಂಥವು ಒಂದೆರಡು ಸಿಕ್ಕರೆ ಗಟ್ಟಿ ಪಾರದರ್ಶಕ ಡಬ್ಬಿಯಲ್ಲಿ ಹಾಕಿ, ಡಬ್ಬಿ ಸಮೇತ ಕಲಶದ ಪಕ್ಕ ಇಡಿ. ಅರಿಸಿನ ಕುಂಕುಮ ಡಬ್ಬಿಯ ಮೇಲೆ ಹಚ್ಚಿದರಾಯಿತು.